ಗೋಕರ್ಣಕ್ಕಾ? ಯಾರದ್ದು?

ನಮ್ಮ ಶಿರಸಿ ಕಡೆಯವರಿಗೆ ಒಂದೊಂದು ಊರು ಒಂದೊಂದು ಕೆಲಸಕ್ಕೆ ಎಂದು ಹಂಚಿಕೆಯಾಗಿಬಿಟ್ಟಿದೆ. ಕಾರವಾರ ಅಂದರೆ ಡಿಸಿ ಆಫೀಸು. ಅಲ್ಲಿನ ಸಮುದ್ರ ಎಷ್ಟೇ ಚಂದವಿರಲಿ, ಕಂಕುಳಲ್ಲಿ ಫೈಲಿಲ್ಲದೆ ಅಲ್ಲಿಗೆ ಹೊರಟವರನ್ನು ನಾನಂತೂ ಕಂಡಿಲ್ಲ. ಮಣಿಪಾಲ ಅಂದರೆ ಆಸ್ಪತ್ರೆ. ಹುಬ್ಬಳ್ಳಿ ಅಂದರೆ ಮದುವೆ ಜವಳಿ. ಗೋಕರ್ಣ ಅಂದರೆ ಅಪರಕರ್ಮ, ಸತ್ತವರ ಕಾರ್ಯ. ಹೀಗಿರುವಾಗ, ಮಕ್ಕಳನ್ನು ಮನೆಯಲ್ಲಿ ಬಿಟ್ಟು ಗಂಡ ಹೆಂಡತಿ ಗೋಕರ್ಣಕ್ಕೆ ಹೋಗಿ ಒಂದು ರಾತ್ರಿ ಇದ್ದು ಬರುತ್ತೇವೆ ಎಂದರೆ ಕೇಳಿದವರು ಸಟ್ಟನೆ ದನಿ ತಗ್ಗಿಸುತ್ತಾರೆ: “ಹೌದಾ? ಯಾರದ್ದು?”

ಯೋಜನೆ ಹುಟ್ಟಿದ್ದು ನನ್ನ ಹೆಂಡತಿ ಮತ್ತು ಸಿದ್ದಾಪುರದಲ್ಲಿರುವ ಅವಳ ಅಕ್ಕನ ನಡುವೆ. ಎರಡು ಜೋಡಿ, ಒಂದು ರಾತ್ರಿ, ಮಕ್ಕಳಿಲ್ಲ. ಭಾವನಿಗೂ ನನಗೂ ತಿಳಿಸುವ ಹೊತ್ತಿಗೆ ಅದು ಯಾವ ಸೀರೆ ಎಂಬಲ್ಲಿಯವರೆಗೆ ಬಂದಿತ್ತು. ಉಳಿದದ್ದು ದಿನಾಂಕ ಮಾತ್ರ. ಆ ‘ಮಾತ್ರ’ಕ್ಕೇ ವರ್ಷ ಕಳೆಯಿತು.

ಅಡಿಕೆ ತೋಟ ಇದ್ದವನ ಪಂಚಾಂಗವೇ ಬೇರೆ. ಜೂನ್ ಹೊತ್ತಿಗೆ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಮೊದಲನೇ ಮದ್ದು ಹೊಡೆಯಬೇಕು. ಅದಾಗಿ 40–45 ದಿನಕ್ಕೆ ಎರಡನೆಯದು, ಅದೂ ಮಳೆ ಹೊಳವು ಕೊಟ್ಟರೆ. ಮಳೆಗಾಲದಲ್ಲಿ ಹೋಗೋಣವೆಂದರೆ ದೇವಿಮನೆ ಘಟ್ಟದಲ್ಲಿ ಗುಡ್ಡ ಯಾವಾಗ ರಸ್ತೆಗೆ ಇಳಿಯುತ್ತದೋ ಗುಡ್ಡಕ್ಕೇ ಗೊತ್ತು. ಮಳೆ ಮುಗಿಯಿತು ಅನ್ನುವಷ್ಟರಲ್ಲಿ ಪಿತೃಪಕ್ಷ. ಆ ಹದಿನೈದು ದಿನ ಗೋಕರ್ಣದಲ್ಲಿ ಕಂಡವರಿಗೆ ‘ಸುಮ್ಮನೆ ಬಂದೆವು’ ಎಂದು ನಂಬಿಸುವುದು ಸಾಧ್ಯವೇ ಇಲ್ಲ. ನವೆಂಬರಿನಿಂದ ಕೊಯ್ಲು. ಕೊಯ್ಲಿನ ದಿನ ನಿಶ್ಚಯಿಸುವುದು ನಾನಲ್ಲ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ. ಅವನು ಬರುತ್ತೇನೆಂದ ದಿನ ಬರುವುದಿಲ್ಲ. ನಾವು ಹೊರಟ ದಿನ ಬೆಳಿಗ್ಗೆ ಏಳಕ್ಕೆ ಅಂಗಳದಲ್ಲಿ ನಿಂತಿರುತ್ತಾನೆ. ಅವನಿಲ್ಲದೆ ಕೊನೆ ಇಳಿಯುವುದಿಲ್ಲವಾದ್ದರಿಂದ ಸಂಸಾರದಲ್ಲಿ ಅವನ ಮಾತಿಗೆ ನನ್ನ ಮಾತಿಗಿಂತ ಹೆಚ್ಚು ಬೆಲೆ. ಶಿವರಾತ್ರಿ ವಾರ ಗೋಕರ್ಣದಲ್ಲಿ ಕಾಲಿಡಲು ಜಾಗವಿಲ್ಲ. ಏಪ್ರಿಲ್, ಮೇ ಪೂರ್ತಿ ಮದುವೆ, ಉಪನಯನ. ಭಾವ ಶಾಲಾ ಮಾಸ್ತರ. ಸರ್ಕಾರ ಅವನಿಗೆ ಪಾಠವೊಂದನ್ನು ಬಿಟ್ಟು ಉಳಿದೆಲ್ಲ ಕೆಲಸ ಕೊಟ್ಟಿದೆ. ಹೀಗೆ ಸೋಸಿ ಸೋಸಿ ಕೊನೆಗೆ ಫೆಬ್ರುವರಿಯ ಒಂದು ಎರಡನೇ ಶನಿವಾರ ಮಾತ್ರ ಉಳಿಯಿತು.

ನಡುವೆ ಮುರ್ಡೇಶ್ವರದ ಮಾತೂ ಬಂದಿತ್ತು. 123 ಅಡಿಯ ಶಿವನ ಹೆಸರು ಕಿವಿಗೆ ಬಿದ್ದರೆ ಮಕ್ಕಳು ಕಾರಿನಿಂದ ಇಳಿಯುವುದಿಲ್ಲ ಎಂದು ಅದನ್ನು ಪಿಸುದನಿಯಲ್ಲೇ ಕೈಬಿಟ್ಟೆವು.

ಇನ್ನು ಆಯಿಗೆ ಹೇಳುವುದು. “ಎಂತಕ್ಕೆ ಹೋಪದು?” ಎಂದಳು. ಸುಮ್ಮನೆ ಎಂದೆ. “ಸುಮ್ನೆ ಹೇಳಿದ್ರೆ ಎಂತದು?” ಸೊಸೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಜಗಳವಾಗಿದೆಯಾ, ಡಾಕ್ಟರು ಏನಾದರೂ ಹೇಳಿದ್ದಾರಾ, ಸಾಲ ಆಗಿದೆಯಾ, ಎಲ್ಲ ವಿಚಾರಿಸಿದಳು. ಯಾವುದೂ ಅಲ್ಲ ಎಂದಾಗ ನಿಜವಾಗಿಯೂ ಚಿಂತೆಗೆ ಬಿದ್ದಳು. ಆಮೇಲೆ ಏನೋ ಹೊಳೆದವಳಂತೆ, “ಅಡ್ಡಿಲ್ಲೆ, ಹೋಗಿ ಬನ್ನಿ” ಅಂದುಬಿಟ್ಟಳು. ಇಷ್ಟು ಸುಲಭಕ್ಕೆ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು ಎಂದು ಹೆಂಡತಿ ಈಗಲೂ ಅನ್ನುತ್ತಾಳೆ.

ಮಕ್ಕಳಿಗೆ ಮೀಟಿಂಗ್ ಎಂದಿದ್ದೆವು. “ಮೀಟಿಂಗಿಗೆ ಟವೆಲ್ ಎಂತಕ್ಕೆ?” ಎಂದು ಮಗಳು ಬ್ಯಾಗಿನ ಮುಂದೆ ನಿಂತಳು. ಹೆಂಡತಿ ಔಷಧಿ, ಊಟ, ಹೋಮ್‌ವರ್ಕುಗಳ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ನಾಲ್ಕು ಮಕ್ಕಳನ್ನು ಸಾಕಿದ ಆಯಿ ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿ, ಅಕ್ಷರ ಚಂದ ಇದೆ ಎಂದಳು.

ಶಿರಸಿಯಿಂದ ಗೋಕರ್ಣಕ್ಕೆ ಸುಮಾರು 80 ಕಿಲೋಮೀಟರು. ಕಾಮಗಾರಿಯ ಧೂಳು, ತಿರುವಿಗೊಂದು ಲಾರಿ. ಘಟ್ಟ ಇಳಿದಂತೆ ಸೆಕೆ ಏರಿತು; ಹಿಂದಿನ ಸೀಟಿನಲ್ಲಿ ಅಕ್ಕತಂಗಿಯರು ಮಕ್ಕಳಿಲ್ಲದ ಕಾರು ಎಷ್ಟು ಆರಾಮ ಎಂದು ಕುಮಟಾ ಬರುವವರೆಗೂ ಹೇಳಿದರು, ಹೇಳಿದ್ದು ಪೂರ್ತಿ ಮಕ್ಕಳ ಸುದ್ದಿಯೇ.

ಉಳಿದದ್ದು ಕುಡ್ಲೆ ಬೀಚಿನ ಹತ್ತಿರ. ರೂಮಿನ ಹುಡುಗ ನಾಲ್ವರನ್ನೂ ನೋಡಿ, “ಫಂಕ್ಷನ್ನಿಗಾ ಸರ್?” ಎಂದ. ಹಾಸಿಗೆಯ ಮೇಲೆ ಟವೆಲ್ಲಿನಲ್ಲಿ ಮಾಡಿದ ಎರಡು ಹಂಸ, ಸುತ್ತ ಗುಲಾಬಿ ಎಸಳು. ಹೆಂಡತಿ ಮೊದಲು ಎಸಳುಗಳನ್ನೆಲ್ಲ ಗುಡಿಸಿ ಒಂದು ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿದಳು. ಇರುವೆ ಬರುತ್ತದಂತೆ. ಹಂಸ ಬಿಚ್ಚಿ ಕೈ ಒರೆಸಿಕೊಂಡಳು. ಮಧ್ಯಾಹ್ನದ ಮೆನುವಿನಲ್ಲಿ ಹಮ್ಮಸ್, ಫಲಾಫೆಲ್, ಶಕ್ಷುಕ. ಭಾವ ಎರಡು ಸಲ ಓದಿ, ಮೊಸರನ್ನ ಯಾವ ಪುಟದಲ್ಲಿದೆ ಎಂದು ಕೇಳಿದ. ಹಮ್ಮಸ್ ತಿಂದ ಅತ್ತಿಗೆ, ಒಗ್ಗರಣೆ ಹಾಕಲು ಮರೆತಿದ್ದಾರೆ ಎಂದು ತೀರ್ಪು ಕೊಟ್ಟಳು.

ಸಂಜೆ ಮರಳಲ್ಲಿ ಕೂತೆವು. ಸೂರ್ಯ ಇಳಿಯುತ್ತಿದ್ದ, ಪಕ್ಕದಲ್ಲಿ ಒಂದು ಹಸು ಮೆಲುಕು ಹಾಕುತ್ತಿತ್ತು. ವರ್ಷಗಟ್ಟಲೆ ಕಾದ ಗಳಿಗೆ, ಏನು ಮಾತಾಡಬೇಕೆಂದೇ ಯಾರಿಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಭಾವ, “ಚಾಲಿಗೆ ಎಷ್ಟಾಯ್ತು?” ಎಂದು ಒಣ ಅಡಿಕೆಯ ದರ ಕೇಳಿದ. ನಾನು ಹೇಳಿದೆ. ಮತ್ತೆ ಮೌನ.

ಆಗ ನನಗೆ ರಾವಣ ನೆನಪಾದ. ಇದೇ ಊರಲ್ಲಿ, ಇದೇ ಹೊತ್ತಿಗೆ, ಸಂಧ್ಯಾವಂದನೆ ಮುಗಿಸಿ ಬರುತ್ತೇನೆ, ಸ್ವಲ್ಪ ಹಿಡಿದುಕೊಂಡಿರು ಎಂದು ಆತ್ಮಲಿಂಗವನ್ನು ಒಬ್ಬ ಮಾಣಿಯ ಕೈಗೆ ಕೊಟ್ಟು ಹೋದವನು. ಆ ಮಾಣಿ ಗಣಪತಿ ಮೂರು ಸಲ ಕೂಗಿ ಕರೆದು, ಬಾರದಿದ್ದಾಗ ನೆಲಕ್ಕಿಟ್ಟ. ತನ್ನ ಹೊಣೆಯನ್ನು ಬೇರೆಯವರ ಕೈಗಿತ್ತು ಆರಾಮವಾಗಿರಲು ಗೋಕರ್ಣ ಅಷ್ಟೇನೂ ಪ್ರಶಸ್ತ ಜಾಗವಲ್ಲ. ಇದನ್ನು ಬಾಯಿಬಿಟ್ಟು ಹೇಳಿದ್ದೇ ತಡ, ಹೆಂಡತಿ ಮನೆಗೆ ಫೋನು ಹಚ್ಚಿದಳು.

“ಮಕ್ಕ ಆಗಲೇ ಉಂಡು ಮನಿಕ್ಯಂಡ” ಎಂದಳು ಆಯಿ. ಗಂಟೆ ಇನ್ನೂ ಎಂಟೂ ಆಗಿರಲಿಲ್ಲ. ನಮ್ಮ ಮನೆಯಲ್ಲಿ ಹತ್ತೂವರೆಗೆ ಮುಂಚೆ ಕಣ್ಣು ಮುಚ್ಚದವರು! ಹೆಂಡತಿಗೆ ಸಮಾಧಾನಕ್ಕಿಂತ ಅವಮಾನವೇ ಹೆಚ್ಚಾಯಿತು. ಆಯಿ ಮುಂದುವರಿಸಿದಳು: “ನಾಳೆ ಆರು ಗಂಟೆಗೆ ಭಟ್ಟರ ಮನೆಗೆ ಹೋಪದು ಮರೀಡಿ. ರುದ್ರಾಭಿಷೇಕಕ್ಕೆ ಹೇಳಿದ್ದಿ. ನಾಲ್ಕೂ ಜನರ ಹೆಸರಲ್ಲಿ.”

ಬೆಳಿಗ್ಗೆ ಒಂಬತ್ತರವರೆಗೆ ನಿದ್ದೆ ಮಾಡುವುದೇ ಈ ಪ್ರವಾಸದ ಮುಖ್ಯ ಉದ್ದೇಶವಾಗಿತ್ತು. ಭಾವನಿಗೂ ನನಗೂ ಇದ್ದದ್ದು ಬರ್ಮುಡಾ. ಮಹಾಬಲೇಶ್ವರನ ಎದುರು ಗಂಡಸರು ಅಂಗಿ ತೆಗೆದು ಪಂಚೆಯಲ್ಲೇ ನಿಲ್ಲಬೇಕು. ಅಜ್ಜನ ಕಾಲದಿಂದ ನಮ್ಮ ಮನೆಯ ಕೆಲಸ ಮಾಡಿಸುವ ಭಟ್ಟರು ಇದನ್ನೆಲ್ಲ ಊಹಿಸಿದವರಂತೆ ಎರಡು ಪಂಚೆ ಮಡಚಿ ಇಟ್ಟಿದ್ದರು. ಬಾಗಿಲಲ್ಲೇ, “ತಿಥಿ ಎಂತೂ ಇಲ್ಲೆ ಅಲ್ದಾ?” ಎಂದು ಖಾತ್ರಿ ಮಾಡಿಕೊಂಡರು. ಸಂಕಲ್ಪದಲ್ಲಿ ಯಾವ ಉದ್ದೇಶ ಎಂದು ಕೇಳಿದಾಗ ಮತ್ತೆ ಅದೇ ತೊಡಕು. ‘ಸುಮ್ಮನೆ’ ಎಂಬುದಕ್ಕೆ ಮಂತ್ರವಿಲ್ಲ. ಕ್ಷೇಮ, ಸ್ಥೈರ್ಯ ಎಂದು ಅವರೇ ಮುಂದೆ ಹೋದರು.

ಪೂಜೆ ಮುಗಿಸಿ ಅವರ ಮನೆಯಲ್ಲೇ ದೋಸೆ. ಬಡಿಸುತ್ತ ಭಟ್ಟರ ಮನೆಯವರು ಮಕ್ಕಳನ್ನು ಯಾರ ಹತ್ತಿರ ಬಿಟ್ಟಿರಿ, ಅಳಲಿಲ್ಲವಾ, ರೂಮಿಗೆ ಎಷ್ಟು ತೆಗೆದುಕೊಂಡರು ಎಂದೆಲ್ಲ ಕೇಳಿದರು. ಆಮೇಲೆ ಒಳಗೆ ಹೋಗಿ, ಮತ್ತೆ ಬಂದು, ಗಂಡನ ಕಡೆ ಒಮ್ಮೆ ನೋಡಿ ಹೇಳಿದರು: “ನಮಗೂ ಒಂದು ರಾತ್ರಿ ಎಲ್ಲಾದರೂ ಹೋಗ್ಬೇಕು ಹೇಳಿ ಎಷ್ಟೋ ವರ್ಷದಿಂದ ಇದ್ದು. ಶಿರಸಿ ಬದಿಗೆ ತಂಪಲ್ದಾ?”

ಶಿರಸಿಯಲ್ಲಿ ಏನು ಮಹಾ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ, “ನಮ್ಮನೆಗೇ ಬನ್ನಿ” ಎಂದಾಗಿತ್ತು.

ಭಟ್ಟರು ಪಂಚಾಂಗ ತೆರೆದರು. ನಮಗೆ ವರ್ಷ ಹಿಡಿದ ಕೆಲಸ ಅವರಿಗೆ ಅರ್ಧ ಲೋಟ ಚಾ ಆರುವುದರೊಳಗೆ ಮುಗಿಯಿತು. ಬರುವ ತಿಂಗಳು, ಗುರುವಾರ. ಮಗ ಸೊಸೆ ಬೆಂಗಳೂರಲ್ಲಿರುವುದರಿಂದ ಮೊಮ್ಮಗ ಇವರ ಬಳಿಯೇ ಇದ್ದಾನಂತೆ, ನಾಲ್ಕು ವರ್ಷ, ಸ್ವಲ್ಪ ಚುರುಕು. ಅವನನ್ನು ಆ ರಾತ್ರಿ ನಮ್ಮ ಆಯಿಯ ಹತ್ತಿರ ಬಿಟ್ಟು, ಅವರಿಬ್ಬರೂ ಸಹಸ್ರಲಿಂಗ, ಬನವಾಸಿ ನೋಡಿಕೊಂಡು ಬರುವುದು ಎಂದಾಯಿತು.