ಹುಳಿ ಚೀಲಕ್ಕೆ ಲಕ್ಷದ ನೀರು

ಹುಬ್ಬಳ್ಳಿಯ ನೃಪತುಂಗ ಬೆಟ್ಟದಿಂದ ವಾಕಿಂಗ್ ಮುಗಿಸಿ ಇಳಿಯುವವರ ಕೈಗೆ ಈಗ ಗಿರ್ಮಿಟ್-ಮಿರ್ಚಿಗಿಂತ ಮೊದಲು ಒಂದು ಗ್ಲಾಸ್ ಆಲ್ಕಲೈನ್, ಅಂದರೆ ಕ್ಷಾರದ ನೀರು ಬರುತ್ತದೆ. "ಕುಡೀರಿ ಸರ, ಆಟೋಫೇಜಿ ಚಾಲೂ ಆಗ್ತೈತಿ. ಒಳಗಿನ ಕಸ ಎಲ್ಲಾ ಬಳಕೊಂಡ ಹೋಗ್ತೈತಿ. ಮೈಯಾಗ ಹುಳಿ ಇರಬಾರದ್ರಿ. ನೊಬೆಲ್ ಬಂದೈತ್ರಿ ಇದಕ್ಕ!" ಆಟೋಫೇಜಿ ಅಂದರೆ ಜೀವಕೋಶ ತನ್ನ ಕಸವನ್ನು ತಾನೇ ಅರಗಿಸಿಕೊಳ್ಳುವುದು. ಅದಕ್ಕೆ ನೊಬೆಲ್ ಬಂದದ್ದು ಹೌದು, 2016ರಲ್ಲಿ, ಯೊಶಿನೋರಿ ಓಸುಮಿ ಅವರಿಗೆ, ಯೀಸ್ಟ್‌ನಲ್ಲಿ ಆಟೋಫೇಜಿಯ ಜೀನುಗಳನ್ನು ಹುಡುಕಿದ್ದಕ್ಕೆ, ನೀರು ಮಾರಿದ್ದಕ್ಕಲ್ಲ. ಹುಳಿ-ಕ್ಷಾರ ತೋರಿಸುವ ಬಣ್ಣದ ಹನಿಯನ್ನು ಆರ್‌ಒ ನೀರಿಗೆ ಬಿಟ್ಟರೆ ಹಳದಿ, ಮೆಷಿನ್ ನೀರಿಗೆ ಬಿಟ್ಟರೆ ನೀಲಿ. ಅಷ್ಟಕ್ಕೇ ಲಕ್ಷದ ಮೆಷಿನ್‌ಗೆ ಕಂತು ಕಟ್ಟಲು ಜನ ತಯಾರು. ನಲ್ಲಿ ಯಾವತ್ತು ಬಂದೀತೆಂದು ದಿನ ಎಣಿಸುವ ಊರಲ್ಲಿ, ಬಂದ ನೀರಿನ ಪಿಎಚ್ ಬಗ್ಗೆ ಈ ಪರಿ ಕಾಳಜಿ!

ತೊಡಕು ಇಷ್ಟೇ. ಜೀವಕೋಶದ ಕಸ ಅರಗಿಸುವ ಲೈಸೋಸೋಮ್ ಎಂಬ ಚೀಲ ನಡೆಯುವುದೇ ಹುಳಿಯ ಮೇಲೆ. ಪಿಎಚ್ ಇಳಿದಷ್ಟೂ ಹುಳಿ ಜಾಸ್ತಿ: ಕೋಶದಲ್ಲಿ ಚೀಲದ ಹೊರಗೆ 7.2, ಚೀಲದೊಳಗೆ 4.5ರಿಂದ 5. ಅದರ ಪೊರೆಯಲ್ಲಿ ಕೂತ ವಿ-ಎಟಿಪೇಸ್ ಎಂಬ ಪಂಪು ಕೋಶದ ಇಂಧನವಾದ ಎಟಿಪಿ ಸುಟ್ಟು ಹಗಲೂರಾತ್ರಿ ಹುಳಿ ತರುವ ಪ್ರೋಟಾನ್ ಒಳಗೆ ತಳ್ಳುತ್ತದೆ. ಹುಳಿ ಇಳಿದರೆ ಕಿಣ್ವಗಳು ಕೈಕಟ್ಟಿ ಕೂರುತ್ತವೆ. ಮಲೇರಿಯಾ ಮದ್ದು ಕ್ಲೋರೋಕ್ವಿನ್ ಮಾಡುವುದು ಇದನ್ನೇ: ಒಳಹೊಕ್ಕು ಹುಳಿ ಕಳೆಯುತ್ತದೆ, ಕಸವನ್ನು ಚೀಲಕ್ಕೆ ಹೊತ್ತು ತರುವ ಆಟೋಫಾಗೋಸೋಮ್ ಎಂಬ ಗುಳ್ಳೆಗಳು ರಾಶಿ ಬೀಳುತ್ತವೆ. ಆಗ ಲ್ಯಾಬಿನ ಪರೀಕ್ಷೆಯಲ್ಲಿ ಆ ಗುಳ್ಳೆಗಳ ಗುರುತಾದ ಎಲ್‌ಸಿ3 ಪ್ರೋಟೀನಿನ ಪಟ್ಟಿ ದಪ್ಪಗೆ ಕಾಣುತ್ತದೆ. ಆಟೋಫೇಜಿ ಹೆಚ್ಚಾಯಿತೆಂದು ಕುಣಿಯುವವರು ಅಲ್ಲೂ ಇದ್ದಾರೆ. ಗಟಾರ ಕಟ್ಟಿ ನೀರು ರಸ್ತೆಗೆ ಬಂದರೆ ಊರಿಗೆ ಹೊಳೆ ಬಂತು ಎಂದ ಹಾಗೆ.

ಅಂದಮೇಲೆ ಈ ನೀರು ಹೇಳಿದ ಹಾಗೆ ಮೈಯ ಹುಳಿಯನ್ನು ನಿಜಕ್ಕೂ ಕಳೆದರೆ ಆಟೋಫೇಜಿ ಬಂದ್! ಪುಣ್ಯಕ್ಕೆ ಕಳೆಯುವುದಿಲ್ಲ. ಪಿಎಚ್ 9ರ ಕಾಲು ಲೀಟರ್ ನೀರಿನ ಕ್ಷಾರ ಕಳೆಯಲು ಪಿಎಚ್ 2ರ ಜಠರರಸ ಕಾಲು ಮಿಲಿಲೀಟರ್ ಸಾಕು, ಐದು ಹನಿ. ಬೈಕಾರ್ಬನೇಟ್‌ನಂಥ ಲವಣ ಬೆರೆತಿದ್ದರೆ ಹನಿಯಲ್ಲ, ಚಮಚದ ಲೆಕ್ಕ. ಲಕ್ಷ ರೂಪಾಯಿ ಹೊಟ್ಟೆಗೆ ಬಿದ್ದ ಕೂಡಲೇ ಚುಕ್ತಾ.

ಧಾರವಾಡ ಫೇಡೆಗೆ ಸಕ್ಕರೆ ಮೆತ್ತುವುದು ಹೊರಮೈಗೆ, ಲೈಸೋಸೋಮ್‌ಗೆ ಒಳಮೈಗೆ. ಲ್ಯಾಂಪ್-1, ಲ್ಯಾಂಪ್-2 ಎಂಬ ಪೊರೆಯ ಪ್ರೋಟೀನುಗಳು ದಟ್ಟ ಸಕ್ಕರೆ ಸರಪಳಿ ಹೊತ್ತು, ಚೀಲ ತನ್ನನ್ನೇ ಅರಗಿಸಿಕೊಳ್ಳದಂತೆ ಕಾಯುತ್ತವೆ. ಲ್ಯಾಂಪ್-2 ಕೆಟ್ಟರೆ ಕಸದ ಗುಳ್ಳೆಗಳು ವಿಲೇವಾರಿಯಾಗದೆ ಹೃದಯದ ಸ್ನಾಯುವಿನಲ್ಲೇ ತುಂಬಿಕೊಳ್ಳುತ್ತವೆ. ಅದು ಡ್ಯಾನನ್ ಕಾಯಿಲೆ. ಜೀನು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡುಮಕ್ಕಳಿಗೆ ಹೊಡೆತ ಜಾಸ್ತಿ; ಕೆಲವರಿಗೆ ಹೃದಯ ಕಸಿಯೇ ಬೇಕಾಗುತ್ತದೆ. ಪೊರೆಯ ಇನ್ನೊಂದು ಪ್ರೋಟೀನು ಎನ್‌ಪಿಸಿ1 ಕೆಟ್ಟರೆ ಕೊಲೆಸ್ಟ್ರಾಲ್ ಚೀಲದಿಂದ ಹೊರಬೀಳದು. ಸಿಸ್ಟಿನ್ ಎಂಬ ಅಮೈನೋ ಆಮ್ಲವನ್ನು ಹೊರಗೆ ಸಾಗಿಸುವ ಸಿಸ್ಟಿನೋಸಿನ್ ಕೆಟ್ಟರೆ ಅದು ಚೀಲದಲ್ಲೇ ಹರಳುಗಟ್ಟಿ ಕಿಡ್ನಿ, ಕಣ್ಣಿಗೆ ಕುತ್ತು. ಇವ್ಯಾವುವೂ ತೊಳೆದರೆ ಹೋಗುವ ಕೊಳೆಯಲ್ಲ, ಬಾಗಿಲೇ ಮುರಿದಿರುತ್ತದೆ.

ಕೊನೆಯದಾದ ಸಿಸ್ಟಿನ್ ಕಾಯಿಲೆಗೆ ಚೀಲದೊಳಗೇ ಹೋಗಿ ದುಡಿಯುವ ಮದ್ದಿದೆ, ಸಿಸ್ಟಿಯಾಮಿನ್. ಸಿಸ್ಟಿನ್ ಮುರಿದು ಬೇರೆ ಬಾಗಿಲಿನಿಂದ ದಾಟಿಸುತ್ತದೆ. ಸಾಮಾನ್ಯ ಕ್ಯಾಪ್ಸೂಲ್ ಆದರೆ ಆರು ತಾಸಿಗೊಮ್ಮೆ, ನಡುರಾತ್ರಿ ಮಗುವನ್ನು ಎಬ್ಬಿಸಿ ಕೊಡಬೇಕು. ಬಾಯಿ, ಬೆವರು ಕೊಳೆತ ಮೊಟ್ಟೆಯಂತೆ ನಾರುತ್ತವೆ. ಬೆಟ್ಟದ ಕೆಳಗೆ ಅದರ ಸ್ಟಾಲ್ ಇನ್ನೂ ಬಂದಿಲ್ಲ.