ಚುಕ್ಕಿ ಇಡಲಿಕ್ಕೂ ಸುತ್ತೋಲೆ ಬೇಕೇನ್ರಿ?

ಸೆಪ್ಟೆಂಬರ್ 17, ಕಲ್ಯಾಣ ಕರ್ನಾಟಕ ಉತ್ಸವ ಬಂತಂದ್ರ ಕಲಬುರಗಿ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಅದೇ ಮೆಸೇಜು: ‘ಮಹಿಳಾ ಸಿಬ್ಬಂದಿ 6 ಗಂಟೆಗೆ ಬಂದು ರಂಗೋಲಿ ಹಾಕತಕ್ಕದ್ದು, ಆರತಿ ತಟ್ಟೆ ತರತಕ್ಕದ್ದು, ಎಲ್ಲರೂ ಒಂದೇ ಬಣ್ಣದ ಸೀರೆ.’ ಈ ಸಲ ಬಣ್ಣಾನೂ ಸಾಹೇಬ್ರೇ ಆರಿಸ್ಯಾರ! ಗಂಡಸ್ರಿಗೆ? ‘ಸಮಯಕ್ಕೆ ಹಾಜರಿರತಕ್ಕದ್ದು.’ ಮುಗೀತು.

ರಂಗೋಲಿ ಅಂದ್ರ ಸಹಿ ಹಾಕಿದಂಗ ಅಂತ ತಿಳದೀರೇನು? 15ರಿಂದ 8ರ ಚುಕ್ಕಿ ಅಂದ್ರ 169 ಚುಕ್ಕಿ. ಒಂದು ತಪ್ಪಿದ್ರ ಮೂಲಿಗೆ ಬಂದಾಗ ಗೆರೆ ಕೂಡಂಗಿಲ್ಲ. ಕಸ ಹೊಡದು, ನೀರು ಹಾಕಿ, ಅರ್ಧ ಒಣಗೂತನ ಕಾಯಬೇಕು. ಹಸಿ ಇದ್ರ ಬಣ್ಣ ಕಲಸ್ತದ, ಪೂರಾ ಒಣಗಿದ್ರ ಗಾಳಿಗೆ ಹಾರ್ತದ. ಸೊಂಟ ನೆಟ್ಟಗ ಮಾಡೋದ್ರಾಗ ಸಾಹೇಬ್ರ ಜೀಪು ಅದರ ಮ್ಯಾಲೇ ಬಂದು ನಿಂದರ್ತದ.

ಸರ್ಕಾರಿ ಬಿಲ್ಲಿನ ಆನ್‌ಲೈನ್ ವ್ಯವಸ್ಥೆ ಖಜಾನೆ-2ರಾಗ ಬಿಲ್ಲು ಆಕ್ಷೇಪಣೆಗೆ ಬಂದ್ರ ಬಿಡಿಸೋಳು ರಂಗೋಲಿ ಹಾಕೋ ಇದೇ ಮೇಡಂ. ಆದ್ರ ಮೀಟಿಂಗಿನ್ಯಾಗ ಚಾ ಹಂಚ್ಲಿಕ್ಕೂ ಆಕೀನೇ, ನಡಾವಳಿ ಬರೀಲಿಕ್ಕೂ ಆಕೀನೇ. ಯಾಕಂದ್ರ ‘ಮೇಡಂ ಅಕ್ಷರ ಛಂದ ಅದ’. ಕಂಪ್ಯೂಟರಿನ್ಯಾಗ ಎಂಥಾ ಅಕ್ಷರರೀ?

10 ಇಲ್ಲಾ ಹೆಚ್ಚು ಮಂದಿ ಇದ್ದ ಆಫೀಸಿನ್ಯಾಗ ಲೈಂಗಿಕ ಕಿರುಕುಳದ ದೂರು ಕೇಳೋ ಆಂತರಿಕ ಸಮಿತಿ ಇರಬೇಕು, ಹಿರಿಯ ಹೆಣ್ಣುಮಗಳೇ ಅಧ್ಯಕ್ಷೆ ಆಗಬೇಕು ಅಂತ 2013ರ ಕಾಯ್ದೆ ಹೇಳ್ತದ. ಸಮಿತಿ ಬೋರ್ಡು ಅದನೋ? ಅದ, ಅಲ್ಮಾರಿ ಹಿಂದ!

ಇರಲಿ, ಆರತಿ ಎಣ್ಣಿ, ಬತ್ತಿ, ರಂಗೋಲಿ ಪುಡಿ ಎಲ್ಲಾ ಮನಿಯಿಂದ ತಂದಾರಲ್ಲ, ಆ ಬಿಲ್ಲು ಯಾವ ಲೆಕ್ಕಶೀರ್ಷಿಕೆಗೆ ಹಾಕಬೇಕ್ರಿ ಸಾಹೇಬ್ರ?