ಹದಿಮೂರು ಡಾಲರ್ ಅಂದು ಏಳು ಕೊಟ್ಟ ಲೆಕ್ಕ

ಅಮೆರಿಕದ ಅಂತರ್ಯುದ್ಧ ಅಂದಕೂಡಲೇ ಗುಲಾಮರು ಇನ್ನು ಸ್ವತಂತ್ರರು ಎಂದ ಅಧ್ಯಕ್ಷ ಲಿಂಕನ್‌ರ 1863ರ ಜನವರಿ 1ರ ವಿಮೋಚನಾ ಘೋಷಣೆಯ ಮಾತು ಬರುತ್ತೆ. ಬರಲಿ. (ಒಕ್ಕೂಟದ, ಅಂದರೆ ಲಿಂಕನ್ ಸರ್ಕಾರದ, ಜೊತೆಗೇ ಉಳಿದಿದ್ದ ಕೆಂಟಕಿ, ಮೇರಿಲ್ಯಾಂಡಿನಂಥ ರಾಜ್ಯಗಳ ಗುಲಾಮರಿಗೆ ಅದು ಅನ್ವಯಿಸಲೇ ಇಲ್ಲ, ಆ ವಿಚಾರ ಇನ್ನೊಮ್ಮೆ.) ಕಪ್ಪು ಜನರನ್ನು ಆ ಸರ್ಕಾರ ಏನೆಂದು ಎಣಿಸಿತ್ತು ಅನ್ನೋದು ತಿಳಿಯಬೇಕಾದರೆ ಘೋಷಣೆ ಪಕ್ಕಕ್ಕಿಟ್ಟು ಸಂಬಳದ ಪಟ್ಟಿ ತೆಗೆಯಬೇಕು.

ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಬಟ್ಟೆಗೆ ಬೇರೆ ಭತ್ಯೆ. ಕಪ್ಪು ಸಿಪಾಯಿಗೆ 10, ಅದರಲ್ಲೂ ಬಟ್ಟೆಗೆಂದು 3 ಮುರಿದುಕೊಂಡು ಕೈಗೆ 7. ಸಾರ್ಜೆಂಟ್ ಆಗಿ ಬಡ್ತಿ ಸಿಕ್ಕರೂ ಅದೇ 7. ಈ ಲೆಕ್ಕ ಬಂದದ್ದು 1862ರ ಜುಲೈನ ಮಿಲಿಷಿಯಾ ಕಾಯ್ದೆಯಿಂದ. ಕಂದಕ ತೋಡುವ, ಶಿಬಿರದಲ್ಲಿ ದುಡಿಯುವ ಕೂಲಿಗಳನ್ನು ಮನಸ್ಸಲ್ಲಿಟ್ಟು ಬರೆದ ದರವನ್ನೇ ಬಂದೂಕು ಹಿಡಿದವರಿಗೂ ಹಚ್ಚಿದರು.

ಕಪ್ಪು ಸಿಪಾಯಿಗಳಿದ್ದ ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟಿಗೆ ಸೇರುವಾಗ 13 ಅಂತಲೇ ಮಾತು ಕೊಟ್ಟಿದ್ದರು. 1863ರ ಜುಲೈ 18ರಂದು ದಕ್ಷಿಣದವರ ಕೋಟೆ ಫೋರ್ಟ್ ವ್ಯಾಗ್ನರ್ ಮೇಲೆ ನುಗ್ಗಿದ ಸುಮಾರು 600 ಜನರಲ್ಲಿ 270ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು, ಇಲ್ಲವೇ ಸೆರೆಸಿಕ್ಕರು. ಅಷ್ಟಾದ ಮೇಲೂ ಕೂಲಿ ದರವೇ ಬಂತು. ಮುಟ್ಟಲಿಲ್ಲ ಅವರು. ಕಡಿಮೆ ಬಿದ್ದ ಹಣ ನಾವೇ ತುಂಬಿಕೊಡ್ತೀವಿ ಅಂತ ಮ್ಯಾಸಚೂಸೆಟ್ಸ್ ಸರ್ಕಾರ ಮುಂದೆ ಬಂದಾಗ ಅದನ್ನೂ ಬೇಡವೆಂದರು. ಇದನ್ನು ಹಠ ಅನ್ನೋರಿದ್ದಾರೆ. ನನಗೆ ಹಾಗನ್ನಿಸಲ್ಲ. ಆ ಹಣ ಮುಟ್ಟಿದ್ದರೆ ಒಕ್ಕೂಟದ ಪಾಲಿಗೆ ತಾವು ಕೂಲಿಗಳೇ ಅಂತ ಒಪ್ಪಿಕೊಂಡಂತಾಗುತ್ತಿತ್ತು. ಅದೇ ರೆಜಿಮೆಂಟಿನ ಕಾರ್ಪೊರಲ್ ಜೇಮ್ಸ್ ಹೆನ್ರಿ ಗುಡಿಂಗ್ ಲಿಂಕನ್‌ಗೇ ಪತ್ರ ಬರೆದು ಕೇಳಿದ್ದೂ ಅದನ್ನೇ: ನಾವು ಸೈನಿಕರೋ, ಕೂಲಿಗಳೋ? ಊರಲ್ಲಿ ಹೆಂಡತಿ ಮಕ್ಕಳು ಕಷ್ಟದಲ್ಲಿದ್ದರೂ ಹೆಚ್ಚುಕಡಿಮೆ ಒಂದೂವರೆ ವರ್ಷ ಹಾಗೇ ನಡೆಯಿತು.

1864ರ ಜೂನ್‌ನಲ್ಲಿ ಸಮಾನ ಸಂಬಳದ ಕಾಯ್ದೆ ಬಂತು. ಅದರಲ್ಲೊಂದು ಕೊಕ್ಕೆ. ಆ ವರ್ಷದ ಜನವರಿಯಿಂದೀಚೆಗೆ ಎಲ್ಲರಿಗೂ ಸಮ. ಅದಕ್ಕೂ ಹಿಂದಿನ ಬಾಕಿ ಮಾತ್ರ ಯುದ್ಧ ಶುರುವಾದ ಹೊತ್ತಿಗೆ, 1861ರ ಏಪ್ರಿಲ್ 19ಕ್ಕೆ, ಸ್ವತಂತ್ರರಾಗಿದ್ದವರಿಗೆ. ಗುಲಾಮಗಿರಿ ಕಿತ್ತೊಗೆಯೋಕೆ ಹೊರಟ ಯುದ್ಧದಲ್ಲಿ, ನೀನು ಗುಲಾಮನಾಗಿದ್ದೆಯಾ ಅಂತ ಕೇಳಿ ಸಂಬಳ ಹಿಡಿಯೋದು!

54ನೇ ರೆಜಿಮೆಂಟಿನ ಕರ್ನಲ್ ಹ್ಯಾಲೊವೆಲ್ ಇದಕ್ಕೊಂದು ಪ್ರಮಾಣವಚನ ಹೊಸೆದರು: ಆ ದಿನಕ್ಕೆ ನಾನು ಯಾರಿಗೂ ಪ್ರತಿಫಲವಿಲ್ಲದ ದುಡಿಮೆಯ ಋಣಿಯಾಗಿರಲಿಲ್ಲ. ಒಡೆಯನಿಂದ ತಪ್ಪಿಸಿಕೊಂಡು ಬಂದವನೂ ಸುಳ್ಳಾಡದೆ ಹೇಳಬಹುದಾದ ಮಾತು. ಬಿಟ್ಟಿ ದುಡಿಮೆ ಯಾರ ಸಾಲ ಹೇಳಿ?

ಒಕ್ಕೂಟದ ಸೈನ್ಯ ದಕ್ಷಿಣ ಕೆರೊಲಿನಾದಲ್ಲಿ ಕಟ್ಟಿದ ಕಪ್ಪು ರೆಜಿಮೆಂಟುಗಳಿಗೆ ಈ ದಾರಿ ಇರಲಿಲ್ಲ, ಅಲ್ಲಿದ್ದವರು ಬಹುತೇಕ ಯುದ್ಧದ ನಡುವೆ ಬಿಡುಗಡೆಯಾದ ಗುಲಾಮರು. ಅಲ್ಲಿನ 3ನೇ ರೆಜಿಮೆಂಟಿನ ಸಾರ್ಜೆಂಟ್ ವಿಲಿಯಂ ವಾಕರ್, 1863ರ ನವೆಂಬರಿನಲ್ಲೇ ತನ್ನ ತುಕಡಿಯನ್ನು ಕರ್ನಲ್ ಡೇರೆಯ ಮುಂದೆ ಕರೆತಂದು ಬಂದೂಕು ಕೆಳಗಿಡಿಸಿದ್ದ. ಪೂರ್ತಿ ಸಂಬಳವಿಲ್ಲದೆ ಕೆಲಸವಿಲ್ಲ ಅಂದ. ದಂಗೆಯ ಆರೋಪ ಹೊರಿಸಿ 1864ರ ಫೆಬ್ರವರಿ 29ರಂದು ಜಾಕ್ಸನ್‌ವಿಲ್‌ನಲ್ಲಿ ಗುಂಡಿಟ್ಟು ಕೊಂದರು.

ಸಮಾನ ಸಂಬಳದ ಕಾಯ್ದೆ ಬಂದದ್ದು ಅದಾಗಿ ನಾಲ್ಕು ತಿಂಗಳೂ ತುಂಬುವ ಮೊದಲೇ.